ಬಾಗಿಲು ಎತ್ತ ತೆರೆಯಬೇಕು: ದಾವಣಗೆರೆಯ ಗೋದಾಮಿನಲ್ಲಿ ಕಟ್ಟಿದ ಒಂದು ಚಂದ್ರನೆಲೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ದಾವಣಗೆರೆಯ ಒಂದು ತಾಂತ್ರಿಕ ಕಾಲೇಜಿನ ನಾಲ್ವರು ಅಂತಿಮ ವರ್ಷದ ವಿದ್ಯಾರ್ಥಿಗಳು ಚಂದ್ರನ ಮೇಲೆ ನಾಲ್ಕು ಜನ ಆರು ತಿಂಗಳು ಆರೋಗ್ಯದಿಂದ ಇರಬಹುದಾದ ನೆಲೆಯೊಂದನ್ನು ವಿನ್ಯಾಸ ಮಾಡಿದರು. ಅದರ ಒಳಭಾಗವನ್ನು ನಿಜ ಅಳತೆಯಲ್ಲಿ ಕಟ್ಟಿ, ಒಳಗೆ ತಾವೇ ಇದ್ದು ನೋಡಿದರು. ನಾನು ಅವರ ಮಾರ್ಗದರ್ಶಕರಲ್ಲಿ ಒಬ್ಬಳು. ಕಾಲೇಜಿನ ಹೆಸರನ್ನೂ ವರ್ಷವನ್ನೂ ಬಿಟ್ಟಿದ್ದೇನೆ. ವಿದ್ಯಾರ್ಥಿಗಳನ್ನು ಅವರವರ ವಿಭಾಗದಿಂದಲೇ ಕರೆಯುತ್ತೇನೆ: ಸಿವಿಲ್ ಮತ್ತು ಮೆಕ್ಯಾನಿಕಲ್‌ನ ಹುಡುಗರು, ಆರ್ಕಿಟೆಕ್ಚರ್ ಮತ್ತು ಬಯೋಟೆಕ್ನಾಲಜಿಯ ಹುಡುಗಿಯರು. ಮುಂದೆ ಬರುವ ಒಂದು ಖಾಸಗಿ ಸಂಗತಿಯನ್ನು ಸಂಬಂಧಪಟ್ಟವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅವಳು ಕರಡು ಓದಿ, "ಇದನ್ನ ಮಾತ್ರ ತೆಗೀಬ್ಯಾಡ್ರಿ ಮೇಡಂ" ಅಂದಳು.

ನಮ್ಮ ಕಡೆಯ ಮಕ್ಕಳಿಗೆ ಬಾಹ್ಯಾಕಾಶ ಈಗ ದೂರದ ಮಾತಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು 2023ರ ಏಪ್ರಿಲ್‌ನಲ್ಲಿ, ಮತ್ತೆ 2024ರ ಮಾರ್ಚ್ ಹಾಗೂ ಜೂನ್‌ನಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟು, ತಾನಾಗಿ ರನ್‌ವೇಗೆ ಇಳಿಯುವಂತೆ ಮಾಡಿತು. ತಂಡದ ಉತ್ಸಾಹ ಹುಟ್ಟಿದ್ದು ಅಲ್ಲಿಂದ. ರಾಕೆಟ್ಟು ಮಾಡುವವರು ಬಹಳ ಜನ ಇದ್ದಾರೆ, ಹೋದವರು ಇರೋದು ಎಲ್ಲಿ ಎಂಬುದು ಅವರ ಪ್ರಶ್ನೆಯಾಗಿತ್ತು.

ಮೊದಲ ನಕ್ಷೆ

ಸಿವಿಲ್ ಹುಡುಗ ಚಿತ್ರದುರ್ಗದವನು. ಚಂದ್ರವಳ್ಳಿಯ ಗುಹೆಗಳಲ್ಲಿ ಓಡಾಡಿ ಬೆಳೆದವನು. ಚಂದ್ರನಲ್ಲಿಯೂ ಹರಿದುಹೋದ ಲಾವಾ ಬಿಟ್ಟ ಸುರಂಗಗಳಿರಬಹುದು, ಜಪಾನಿನ ಕಗುಯಾ ನೌಕೆಯ ಚಿತ್ರಗಳಲ್ಲಿ 2009ರಲ್ಲಿ ಅಂಥದೊಂದು ಗುಂಡಿಯೂ ಕಂಡಿತ್ತು ಎಂದು ಅವನಿಗೆ ಗೊತ್ತಿತ್ತು. ಸುರಂಗ ಸಿಗದಿದ್ದರೆ ನಾವೇ ಕಲ್ಲಿನ ಕಮಾನು ಕಟ್ಟೋಣ ಎಂದು ಚಂದ್ರನ ಮಣ್ಣಿನ ಇಟ್ಟಿಗೆಯ ಗುಮ್ಮಟ ಬರೆದ. ಇಟ್ಟಿಗೆಯ ಯೋಚನೆಗೂ ಆಧಾರವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ವಿಜ್ಞಾನಿಗಳು 2020ರಲ್ಲಿ ಚಂದ್ರನ ಮಣ್ಣಿನಂಥ ಪುಡಿಗೆ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿ ತೋರಿಸಿದ್ದರು.

ಗುಮ್ಮಟ ಚೆಂದವಿತ್ತು, ಆದರೆ ಭಾರದ ಲೆಕ್ಕ ಹಾಕಿದಾಗ ಬಿತ್ತು. ಭೂಮಿಯ ಮೇಲೆ ಮನೆಗಿರುವ ಭಯ ಕುಸಿಯುವುದು, ಚಂದ್ರನ ಮೇಲೆ ಇರುವ ಭಯ ಒಡೆದು ಹಾರುವುದು. ಹೊರಗೆ ಗಾಳಿಯೇ ಇಲ್ಲ. ಒಳಗೆ ನಮ್ಮ ಊರಿನಷ್ಟೇ ಒತ್ತಡ ಇಟ್ಟರೆ ಅದು ಪ್ರತಿ ಚದರ ಮೀಟರ್ ಗೋಡೆಯನ್ನು ಸುಮಾರು 10 ಟನ್ ಭಾರದಷ್ಟು ಹೊರಕ್ಕೆ ತಳ್ಳುತ್ತದೆ. ಮೇಲೆ 3 ಮೀಟರ್ ದಪ್ಪ ಮಣ್ಣು ಹೇರಿದರೂ ಚಂದ್ರನ ಆರನೇ ಒಂದು ಪಾಲು ಗುರುತ್ವದಲ್ಲಿ ಅದರ ಭಾರ 1 ಟನ್ ಮುಟ್ಟುವುದಿಲ್ಲ. ಒತ್ತಿದಷ್ಟೂ ಗಟ್ಟಿಯಾಗುವ ಕಮಾನು ಎಳೆತಕ್ಕೆ ಬಿರುಕು ಬಿಡುತ್ತದೆ. ಹೀಗಾಗಿ ಒತ್ತಡ ಹಿಡಿಯುವ ಕೆಲಸವನ್ನು ಗಟ್ಟಿ ನೇಯ್ಗೆಯ ಉಬ್ಬುವ ಚೀಲಕ್ಕೆ ಕೊಟ್ಟರು. ಇಟ್ಟಿಗೆ, ಮಣ್ಣಿಗೆ ವಿಕಿರಣ, ಉಲ್ಕೆಯ ಚೂರು ಮತ್ತು ತಾಪದ ಏರಿಳಿತ ತಡೆಯುವ ಕೆಲಸ ಉಳಿಯಿತು. ಈ ಮಣ್ಣಿನ ಹೊದಿಕೆ ತಾಪವನ್ನು ಹೇಗೆ ತಡೆಯುತ್ತದೆ ಎಂಬುದಕ್ಕೆ ನಮ್ಮ ಚಂದ್ರಯಾನ-3 ನೆಲಕ್ಕೆ ಇಳಿಸಿದ ತಾಪಮಾಪಕವೇ ಸಾಕ್ಷಿ. ಬಿಸಿಲಿಗೆ ಕಾದ ನೆಲದಲ್ಲಿ ಕೆಲವೇ ಸೆಂಟಿಮೀಟರ್ ಕೆಳಗೆ ತಾಪಮಾನ ಸೊನ್ನೆಗಿಂತಲೂ ಕೆಳಗಿತ್ತು.

ಇಲ್ಲಿಯವರೆಗೆ ಎಲ್ಲವೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಬೇಕಾದ ಹಾಗೆಯೇ ನಡೆಯಿತು. ತೊಡಕು ಇದ್ದದ್ದು ಒಳಗಿನ ನಕ್ಷೆಯಲ್ಲಿ. ಕೊಳವೆ ಮತ್ತು ತಂತಿಯ ಉದ್ದ ಕಡಿಮೆಯಾಗಲಿ ಎಂಬ ಒಂದೇ ನಿಯಮದ ಮೇಲೆ ಅದನ್ನು ಬರೆದಿದ್ದರು. ಗಾಳಿ, ನೀರು ಶುದ್ಧಮಾಡುವ ಯಂತ್ರಗಳು ನಡುವೆ. ಅವುಗಳಿಗೆ ಅಂಟಿದಂತೆ ಅಡುಗೆಕಟ್ಟೆ, ಊಟದ ಮೇಜು. ಮೇಜಿನ ಎದುರಿಗೇ ಶೌಚದ ಬಾಗಿಲು, ಏಕೆಂದರೆ ಎರಡಕ್ಕೂ ನೀರಿನ ಕೊಳವೆ ಒಂದೇ. ಹೊರಗೋಡೆಗುಂಟ ನಾಲ್ಕು ಮಲಗುವ ಗೂಡುಗಳು, ಅವುಗಳ ಮಗ್ಗುಲಿಗೆ ಓಡುವ ಯಂತ್ರ. ಮೂಳೆ ಸವೆಯದಿರಲು ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ತಾಸು ವ್ಯಾಯಾಮಕ್ಕೇ ಮೀಸಲು. ಇವರೂ ಅಷ್ಟೇ ಇಟ್ಟಿದ್ದರು.

ನಕ್ಷೆ ನೋಡಲು ಬಂದ ನಿವೃತ್ತ ಎಂಜಿನಿಯರ್ ಒಬ್ಬರು ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಪಂಪಿನ ಗುರುತಿನ ಮೇಲೆ ಬೆರಳಿಟ್ಟು, "ರಾತ್ರಿ ಎರಡಕ್ಕೆ ಇದು ಕೆಟ್ಟರೆ ರಿಪೇರಿಗೆ ಯಾರ ಹಾಸಿಗೆ ಎತ್ತಬೇಕು?" ಎಂದು ಕೇಳಿದರು. ಪಂಪಿನ ಮುಚ್ಚಳ ಒಂದು ಗೂಡಿನ ಅಡಿಗಿತ್ತು. "ಕಾಗದದ ಮೇಲೆ ಇದು ತಿಳಿಯಲ್ಲ. ಕಟ್ಟಿ, ಒಳಗಿದ್ದು ನೋಡಿ" ಎಂದು ಹೇಳಿ ಹೋದರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ತಿರುವು ಅದೇ.

ಗೋದಾಮಿನ ವಾಸ

ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಕಾಲದ ಗೋದಾಮುಗಳು ಇನ್ನೂ ಅಲ್ಲಲ್ಲಿ ಖಾಲಿ ನಿಂತಿವೆ. ಒಬ್ಬ ಹುಡುಗನ ದೊಡ್ಡಪ್ಪನ ಪರಿಚಯದಿಂದ ಅಂಥದೊಂದು ಸಿಕ್ಕಿತು. ಬಿದಿರು, ಪ್ಲೈವುಡ್, ಟಾರ್ಪಾಲಿನ್‌ನಲ್ಲಿ ನೆಲೆಯ ಒಳಭಾಗ ಎದ್ದಿತು. ಅದನ್ನು ಗಾಳಿಯಾಡದಂತೆ ಮುಚ್ಚಿರಲಿಲ್ಲ, ಅದು ವಿದ್ಯಾರ್ಥಿಗಳು ಕೈಹಾಕುವ ಪ್ರಯೋಗವಲ್ಲ. ಬಾಗಿಲಿಗೆ ಬೀಗವಿರಲಿಲ್ಲ, ಹೊರಗೆ ಸದಾ ಒಬ್ಬರು ಕಾವಲಿದ್ದರು, ಪ್ರತಿ ಗೂಡಿನಲ್ಲೂ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಇತ್ತು, ಮಿತಿ ದಾಟಿದರೆ ಕೂಗುವಂತೆ ಹೊಂದಿಸಿತ್ತು. ವಾರಾಂತ್ಯ ಪೂರ್ತಿ ಒಳಗಿರುವುದು ಎಂದು ತೀರ್ಮಾನವಾಯಿತು. ಕುಡಿದ ನೀರು, ತಿಂದದ್ದು, ನಿದ್ದೆ, ವ್ಯಾಯಾಮ, ಶೌಚ, ಕಸ ಎಲ್ಲವನ್ನೂ ಬರೆಯಲು ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಈ ಹಾಳೆಯ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲ ರಾತ್ರಿಯೇ ಮೀಟರುಗಳು ಕೂಗಿದವು. ಇದರ ಲೆಕ್ಕ ಸುಲಭ. ಮಲಗಿರುವ ಮನುಷ್ಯ ಗಂಟೆಗೆ ಸುಮಾರು 12ರಿಂದ 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಗೂಡಿನ ಒಳಗಾತ್ರ ಸುಮಾರು 2,300 ಲೀಟರ್. ಗಾಳಿ ಸುಳಿಯದೇ ಹೋದರೆ ಒಂದೇ ಗಂಟೆಯಲ್ಲಿ ಅದರ ಪ್ರಮಾಣ ಶೇಕಡಾ ಅರ್ಧ ದಾಟುತ್ತದೆ. ಬಯಲ ಗಾಳಿಯಲ್ಲಿರುವುದು ಶೇಕಡಾ 0.04 ಮಾತ್ರ. ಇಡೀ ನೆಲೆಗೆ ಸಾಕಾಗುವ ಶುದ್ಧೀಕರಣ ಯಂತ್ರ ನಕ್ಷೆಯಲ್ಲಿತ್ತು, ಆದರೆ ಪರದೆ ಎಳೆದುಕೊಂಡ ಗೂಡಿನಿಂದ ಕೆಟ್ಟ ಗಾಳಿ ಆ ಯಂತ್ರದವರೆಗೆ ಹೋಗಲು ದಾರಿಯಿರಲಿಲ್ಲ. ಗೋದಾಮು ಈ ವಿಷಯದಲ್ಲಿ ಉದಾರಿ, ಏಕೆಂದರೆ ಇಲ್ಲಿ ಉಸಿರಿನ ಬಿಸಿಗಾಳಿ ತಾನೇ ಮೇಲೇರಿ ಒಂದಿಷ್ಟು ಕದಲಿಕೆ ತರುತ್ತದೆ. ಚಂದ್ರನಲ್ಲಿ ಆ ಏರಿಕೆಯ ಬಲ ಆರನೇ ಒಂದು ಪಾಲು. ತೂಕವೇ ಇಲ್ಲದ ನಿಲ್ದಾಣದಲ್ಲಂತೂ ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತದೆ, ಫ್ಯಾನು ಇಲ್ಲದೆ ಅಲ್ಲಿ ನಿದ್ದೆ ಮಾಡುವಂತಿಲ್ಲ.

ಮೆಕ್ಯಾನಿಕಲ್ ಹುಡುಗ ಬೆಳಿಗ್ಗೆಯೇ ಪ್ರತಿ ಗೂಡಿನ ತಲೆದೆಸೆಗೆ ಕಂಪ್ಯೂಟರಿನ ಪುಟ್ಟ ಫ್ಯಾನು ಕೂರಿಸಿದ. ಎರಡನೇ ರಾತ್ರಿ ಮೀಟರ್ ಸುಮ್ಮನಿತ್ತು, ಆದರೆ ಯಾರಿಗೂ ನಿದ್ದೆ ಹತ್ತಲಿಲ್ಲ. ಕಿವಿಯ ಹತ್ತಿರ ಫ್ಯಾನಿನ ಗುಂಯ್‌ಗುಡುವಿಕೆ, ಅದರಾಚೆ ಪಂಪಿನ ಸದ್ದು, ಪಾಳಿಯ ಪ್ರಕಾರ ನಡುರಾತ್ರಿ ಓಡುವ ಯಂತ್ರ ಹತ್ತಿದವನ ಧಡಧಡ. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗ ಹುಟ್ಟಿಸಿತ್ತು. ಬಾಹ್ಯಾಕಾಶ ನೆಲೆಯ ವಿನ್ಯಾಸದಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇವೆ. ಯಾವ ಪರಿಹಾರವೂ ಒಂಟಿಯಾಗಿ ಬರುವುದಿಲ್ಲ, ಅದರ ಸದ್ದು, ಬಿಸಿ, ತೇವ, ತೂಕ ಜೊತೆಗೇ ಒಳಗೆ ಬರುತ್ತವೆ.

ತೇವದ ಪಾಠವೂ ಆ ರಾತ್ರಿಯೇ ಸಿಕ್ಕಿತು. ಚಳಿಗಾಲ. ಹೊರಗೋಡೆಯ ಟಾರ್ಪಾಲಿನ್ ತಣ್ಣಗಿತ್ತು, ಉಸಿರಿನ ಆವಿ ಅದರ ಮೇಲೆ ಹನಿಗಟ್ಟಿ ಹಾಸಿಗೆಯ ಹಿಂದೆ ಇಳಿದಿತ್ತು. ಚಂದ್ರನ ಮಣ್ಣಿನ ಅಡಿಯ ಗೋಡೆ ಇದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ರಷ್ಯಾದ ಮೀರ್ ನಿಲ್ದಾಣದಲ್ಲಿ ಫಲಕಗಳ ಹಿಂದೆ ನೀರು ನಿಂತು ಬೂಷ್ಟು ಬೆಳೆದದ್ದು ದಾಖಲಾದ ಸಂಗತಿ. ಆರು ತಿಂಗಳು ಮಲಗುವ ಹಾಸಿಗೆಯ ಹಿಂದೆ ಬೂಷ್ಟು ಎಂದರೆ ಆರು ತಿಂಗಳ ಕೆಮ್ಮು.

ಇನ್ನೊಂದು ಸಂಗತಿ ಅಡುಗೆಯದು. ಭಾನುವಾರ ಬೆಳಿಗ್ಗೆ ಇಂಡಕ್ಷನ್ ಒಲೆಯ ಮೇಲೆ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಕಪ್ಪಾಯಿತು, ನಿಮಿಷದೊಳಗೆ ನಾಲ್ವರೂ ಘಾಟಿಗೆ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಾದರೆ ಕಿಟಕಿ ತೆರೆಯುತ್ತೇವೆ. ಇಲ್ಲಿ ಆ ಘಾಟು ಮಧ್ಯಾಹ್ನದವರೆಗೂ ಹೋಗಲಿಲ್ಲ. ನಿಜವಾದ ನೆಲೆಯಲ್ಲಿ ಎಣ್ಣೆಯ ಆ ಸೂಕ್ಷ್ಮ ಹನಿಗಳು ಶೋಧಕಗಳನ್ನೂ ಕಟ್ಟಿಹಾಕುತ್ತವೆ. ವಿದೇಶದ ಯಾವ ಕೈಪಿಡಿಯಲ್ಲೂ ನಾನು ಒಗ್ಗರಣೆಯ ಲೆಕ್ಕ ನೋಡಿಲ್ಲ. ನಮ್ಮವರು ಹೋಗುವ ನೆಲೆಯಾದರೆ ನಾವೇ ಅದನ್ನು ಹಾಕಬೇಕು.

ನೀರಿನ ಹಾಳೆ

ಗೋಡೆಯ ಹಾಳೆ ಇಟ್ಟದ್ದು ಬರೀ ಮರುಬಳಕೆಯ ಲೆಕ್ಕಕ್ಕೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2023ರಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ ನೀರಿನ ಶೇಕಡಾ 98ರಷ್ಟನ್ನು ಮರಳಿ ಪಡೆಯುವ ಮಟ್ಟ ಮುಟ್ಟಿತು. ತಂಡದ ನಾಲ್ವರು ದಿನಕ್ಕೆ ತಲಾ 10 ಲೀಟರ್ ಬಳಸುತ್ತಾರೆ ಎಂದಿಟ್ಟುಕೊಂಡರೆ ಶೇ 98ರಲ್ಲಿ ಆರು ತಿಂಗಳಿಗೆ ಕಳೆಯುವುದು 144 ಲೀಟರ್, ಶೇ 90ರಲ್ಲಾದರೆ 720. ಕೊನೆಯ ಕೆಲವು ಹನಿಗಳಿಗಾಗಿ ಇಷ್ಟು ಒದ್ದಾಟ ಏಕೆ ಎಂಬುದಕ್ಕೆ ಇದೇ ಉತ್ತರ. ದುರ್ಗದ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡದಲ್ಲಿ ಹೆಚ್ಚಾದ ಮಳೆನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುವಂತೆ ಹಿರಿಯರು ದಾರಿ ಮಾಡಿದ್ದರು. ಸಿವಿಲ್ ಹುಡುಗ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಎಲ್ಲಿ ಎಷ್ಟು ಇಳಿಯಿತು ಎಂದು ಬರೆಯಲು ಹಾಳೆಯಲ್ಲಿ ಕಾಲಂ ಎಳೆದಿದ್ದ.

ಸೋಮವಾರ ಹಾಳೆ ಕೂಡಿಸುವಾಗ ಒಬ್ಬರ ಲೆಕ್ಕ ತಾಳೆಯಾಗಲಿಲ್ಲ. ಹುಡುಗಿಯರಲ್ಲಿ ಒಬ್ಬಳು ಉಳಿದವರ ಅರ್ಧದಷ್ಟೂ ನೀರು ಕುಡಿದಿರಲಿಲ್ಲ. ಮೆಕ್ಯಾನಿಕಲ್ ಹುಡುಗನಿಗೆ ಅನುಮಾನ ಬಂದದ್ದು ಲೋಟದ ಮೇಲೆ. ಅಳತೆಯ ಗೆರೆ ಸರಿಯಿಲ್ಲವೇನೋ ಎಂದು ಅದನ್ನು ತೂಗಿಯೂ ನೋಡಿದ. ಗೆರೆ ಸರಿಯಿತ್ತು. ಆ ಸಂಖ್ಯೆಯನ್ನು ತೆಗೆದು ಸರಾಸರಿ ಹಾಕೋಣ ಎಂಬ ಮಾತೂ ಬಂತು. ನಾನು ಬೇಡ ಎಂದೆ. ಸಂಜೆ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದೆ.

"ಯಾಕಮ್ಮ, ಹುಷಾರಿರಲಿಲ್ವಾ? ನೀರೇ ಕುಡಿದಿಲ್ವಲ್ಲ."

"ಬಾಯಾರಿಕೆ ಆಗ್ಲಿಲ್ಲ ಮೇಡಂ."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು. "ಬಾಗಿಲು ಊಟದ ಮೇಜಿನ ಎದುರಿಗೇ ಐತಲ್ರೀ. ಒಳಗಿನ ಸದ್ದೆಲ್ಲ ಹೊರಗೆ ಕೇಳ್ತೈತೆ. ಅವ್ರು ಕೂತಿರೋವಾಗ ಹೆಂಗ್ ಹೋಗ್ಲಿ? ಕುಡೀದಿದ್ರೆ ಹೋಗೋದೂ ಬೇಡ ಅಂತ ಸುಮ್ನಾದೆ."

ಇನ್ನೊಬ್ಬಳನ್ನು ಕೇಳಿದಾಗ, ತಾನು ಎಲ್ಲರೂ ಮಲಗಿದ ಮೇಲೆ ಎದ್ದು ಹೋಗುತ್ತಿದ್ದೆ ಎಂದಳು. ಅವಳ ನಿದ್ದೆಯ ಕಾಲಂನಲ್ಲಿದ್ದ ತೂತುಗಳಿಗೆ ಅರ್ಥ ಸಿಕ್ಕಿತು.

ನಮ್ಮ ಊರುಗಳ ಶಾಲೆ, ಬಸ್ ನಿಲ್ದಾಣ, ಕಚೇರಿಗಳಲ್ಲಿ ಹೆಣ್ಣುಮಕ್ಕಳು ದಿನನಿತ್ಯ ಮಾಡುವುದನ್ನೇ ಅವರಿಬ್ಬರೂ ಚಂದ್ರನೆಲೆಯಲ್ಲಿ ಮಾಡಿದ್ದರು. ಆದರೆ ಚಂದ್ರನ ಮೇಲೆ ಇದರ ಬೆಲೆ ಬೇರೆ. ಕಡಿಮೆ ಗುರುತ್ವದಲ್ಲಿ ಮೂಳೆಯಿಂದ ಕ್ಯಾಲ್ಸಿಯಂ ಬಿಟ್ಟುಹೋಗಿ ಮೂತ್ರಕ್ಕೆ ಸೇರುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ, ಬೆನ್ನಿನ ಮೂಳೆಗಳು ತಿಂಗಳಿಗೆ ಶೇಕಡಾ 1ರಷ್ಟು ಸಾಂದ್ರತೆ ಕಳೆದುಕೊಳ್ಳಬಹುದು. ಅದರ ಜೊತೆಗೆ ನೀರೂ ಕಡಿಮೆ ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಅಪಾಯ. ಗಗನಯಾತ್ರಿಗಳಿಗೆ ವೈದ್ಯರು ನೀರು ಕುಡಿಯಿರಿ ಎಂದು ಪದೇ ಪದೇ ಹೇಳುವುದು ಈ ಕಾರಣಕ್ಕೆ. ಇಲ್ಲಿ ಸಲಹೆ ಪುಸ್ತಕದಲ್ಲಿತ್ತು, ಅದನ್ನು ಪಾಲಿಸಲು ಬಾಗಿಲು ಬಿಡಲಿಲ್ಲ.

ಎರಡನೇ ನಕ್ಷೆ

ಮರುವಾರದ ಸಭೆಯಲ್ಲಿ, ಅವಳ ಒಪ್ಪಿಗೆಯಿಂದ, ವಿಷಯ ಎಲ್ಲರ ಮುಂದೆ ಬಂತು. ಶೌಚವನ್ನು ತಿರುಗಿಸಿ, ಬಾಗಿಲು ಒಂದು ಸಣ್ಣ ಓಣಿಗೆ ತೆರೆಯುವಂತೆ ಮಾಡಬೇಕೆಂದು ಆರ್ಕಿಟೆಕ್ಚರ್ ಹುಡುಗಿ ಗೆರೆ ಎಳೆದಳು. ಮೆಕ್ಯಾನಿಕಲ್ ಹುಡುಗ ಒಪ್ಪಲಿಲ್ಲ. "ಪೈಪ್ ಉದ್ದ ಆಗ್ತೈತೆ, ತೂಕ ಹೆಚ್ತೈತೆ. ಒಂದೊಂದು ಕೆ.ಜಿ.ಗೂ ಎಷ್ಟು ಖರ್ಚು ಗೊತ್ತಾ?" ಅವನ ಮಾತಿನಲ್ಲಿ ಹುರುಳಿತ್ತು, ನಾನು ಅದನ್ನು ಹಗುರ ಮಾಡುವುದಿಲ್ಲ. ನಿವೃತ್ತ ಎಂಜಿನಿಯರ್ ಫೋನಿನಲ್ಲಿದ್ದರು. ಅಲ್ಲಿ ಒಬ್ಬರಿಗೆ ಕಲ್ಲಿನ ನೋವು ಬಂದರೆ ಕೆಲಸ ನಿಲ್ಲಿಸಿ ಮೂರು ದಿನದ ದಾರಿ ಹಿಂದಿರುಗಬೇಕು, ಆ ಪ್ರಯಾಣದ ತೂಕವನ್ನೂ ಇದೇ ಹಾಳೆಗೆ ಬರೆಯಪ್ಪ ಎಂದರು. ಅವನು ಬರೆದ. ಆ ಸಾಲಿನ ಪಕ್ಕದಲ್ಲಿ ಕೊಳವೆಯ ಉದ್ದ ಒಂದು ಸಂಖ್ಯೆಯಾಗಿಯೂ ಉಳಿಯಲಿಲ್ಲ. ಎರಡನೇ ತಿರುವು ಇದು. ಆರೋಗ್ಯ ಎಂಬುದು ಕೊನೆಗೆ ಸೇರಿಸುವ ಸೌಲಭ್ಯವಾಗಿ ಉಳಿಯದೆ ತೂಕದ ಲೆಕ್ಕದೊಳಕ್ಕೇ ಬಂತು.

ಅಲ್ಲಿಂದ ಉಳಿದ ತೀರ್ಮಾನಗಳು ಬೇಗ ಬಂದವು. ಮಲಗುವ ಗೂಡುಗಳನ್ನು ಹೊರಗೋಡೆಯಿಂದ ಬಿಡಿಸಿ, ನಡುವೆ ಗಾಳಿ ಹರಿಯುವ ಸಂದು ಬಿಟ್ಟರು. ತಲೆದೆಸೆಯ ಪುಟ್ಟ ಫ್ಯಾನುಗಳ ಬದಲು ದೂರದಲ್ಲಿ ನಿಧಾನಕ್ಕೆ ತಿರುಗುವ ಒಂದು ದೊಡ್ಡ ಫ್ಯಾನು, ಅಲ್ಲಿಂದ ಒಳಗೆ ಸ್ಪಂಜು ಹೊದಿಸಿದ ಅಗಲ ಕೊಳವೆ. ಗಾಳಿ ಅಷ್ಟೇ ಬರುತ್ತದೆ, ಸದ್ದು ದಾರಿಯಲ್ಲೇ ಇಂಗುತ್ತದೆ. ಪಾಳಿಯ ನಿದ್ದೆ ಕೈಬಿಟ್ಟು ನಾಲ್ವರೂ ಒಂದೇ ಹೊತ್ತಿಗೆ ಮಲಗುವುದೆಂದು ವೇಳಾಪಟ್ಟಿ ಬದಲಿಸಿದರು, ಓಡುವ ಯಂತ್ರದ ಸದ್ದು ಅದರಿಂದಲೇ ಮುಗಿಯಿತು. ನಿಲ್ದಾಣದಲ್ಲಿಯೂ ಎಲ್ಲರಿಗೂ ಒಂದೇ ಗಡಿಯಾರ. ಗೋಡೆ ದಪ್ಪ ಮಾಡುವ ಮೊದಲು ವೇಳಾಪಟ್ಟಿ ನೋಡಬೇಕು ಎಂದು ನಾನು ಈಗ ಎಲ್ಲ ತಂಡಗಳಿಗೂ ಹೇಳುತ್ತೇನೆ. ಪಂಪಿನ ಮುಚ್ಚಳ ಓಣಿಗೆ ಬಂತು.

ಒಳಗೋಡೆಗೆ ಸಿಮೆಂಟ್ ಗಿಲಾವು ಮಾಡುವ ಸಿವಿಲ್ ಹುಡುಗನ ಆಸೆ ಮಾತ್ರ ಬೇರೆ ಕಾರಣಕ್ಕೆ ಬಿತ್ತು. ಅಮೆರಿಕದ ಅರಿಜೋನಾದಲ್ಲಿ 1991ರಿಂದ 1993ರವರೆಗೆ ಎಂಟು ಜನ ಬಯೋಸ್ಫಿಯರ್-2 ಎಂಬ ಮುಚ್ಚಿದ ಗಾಜಿನ ಲೋಕದಲ್ಲಿದ್ದರು. ಅಲ್ಲಿ ಆಮ್ಲಜನಕ ಶೇಕಡಾ 21ರ ಹತ್ತಿರದಿಂದ ಹದಿನಾಲ್ಕೂವರೆಯ ಆಸುಪಾಸಿಗೆ ಇಳಿದು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟವು, ಆ ಅನಿಲವನ್ನು ಕಾಂಕ್ರೀಟು ಹೀರಿ ಸುಣ್ಣದ ಕಲ್ಲಾಗಿಸಿಕೊಂಡಿತು. ಹೀಗಾಗಿ ಗಿಡಗಳು ಅದನ್ನು ಆಮ್ಲಜನಕವಾಗಿ ಮರಳಿಸಲು ಆಗಲೇ ಇಲ್ಲ. ಇದನ್ನು ಓದಿದ ಮೇಲೆ ಅವನು ತನ್ನ ಪ್ರತಿ ಸಾಮಗ್ರಿಯ ಮುಂದೆ "ಇದು ಏನನ್ನು ಹೀರುತ್ತದೆ?" ಎಂಬ ಕಾಲಂ ಸೇರಿಸಿದ.

ಊಟದ ವಿಷಯದಲ್ಲಿ ಬಯೋಟೆಕ್ ಹುಡುಗಿ ರಾಗಿಯಿಂದ ಹಿಡಿದು ಎಲ್ಲವನ್ನೂ ಅಲ್ಲೇ ಬೆಳೆಯಬೇಕು ಎಂದಿದ್ದಳು. ಒಬ್ಬರ ಹೊಟ್ಟೆ ಪೂರ್ತಿ ತುಂಬಿಸಲು ಹತ್ತಾರು ಚದರ ಮೀಟರ್ ಬೆಳೆ, ಅದಕ್ಕೆ ದೀಪ, ಆ ದೀಪಕ್ಕೆ ಎರಡು ವಾರದ ಚಂದ್ರರಾತ್ರಿಯಲ್ಲೂ ವಿದ್ಯುತ್ತು. ಲೆಕ್ಕ ಅವಳೇ ಹಾಕಿ ಅವಳೇ ಹಿಂದೆ ಸರಿದಳು. ಧಾನ್ಯ ಭೂಮಿಯಿಂದ ಹೋಗಲಿ, ಮೆಂತ್ಯ ಸೊಪ್ಪು, ಹೆಸರುಕಾಳಿನ ಮೊಳಕೆ ಅಲ್ಲಿ ಬೆಳೆಯಲಿ ಎಂದಾಯಿತು. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಮೊಳಕೆ ಬರಿಸಿದ್ದು ಇದೇ ಮೆಂತ್ಯ, ಹೆಸರುಕಾಳನ್ನು. ಆ ಪ್ರಯೋಗ ಧಾರವಾಡದಿಂದ ಹೋದದ್ದು. ಒಗ್ಗರಣೆಯನ್ನು ಬಿಡಲು ಮಾತ್ರ ನಾಲ್ವರೂ ತಯಾರಿರಲಿಲ್ಲ. ಒಲೆಯ ಮೇಲೆ ಇದ್ದಿಲಿನ ಶೋಧಕವುಳ್ಳ, ಹೊಗೆ ಹೀರುವ ಚಿಮಣಿ ಇಟ್ಟು, ವಾರಕ್ಕೊಮ್ಮೆ ಬಿಸಿ ಒಗ್ಗರಣೆ, ಉಳಿದ ದಿನ ಭೂಮಿಯಲ್ಲೇ ಹುರಿದು ತಂದ ಪುಡಿ ಎಂದು ಒಪ್ಪಂದಕ್ಕೆ ಬಂದರು. ನಾನು ಇದನ್ನು ಬೆಂಬಲಿಸಿದೆ. ಆರು ತಿಂಗಳು ಊಟ ಸೇರದೆ ಸೊರಗಿದವರಿಂದ ಯಾವ ಕೆಲಸವೂ ಆಗುವುದಿಲ್ಲ.

ಫಲಿತಾಂಶ ಮತ್ತು ಉಳಿದ ಕೆಲಸ

ಗೋದಾಮನ್ನು ಹೊಸ ನಕ್ಷೆಯಂತೆ ತಿದ್ದಿ ಮತ್ತೊಂದು ವಾರಾಂತ್ಯ ಉಳಿದರು. ರಾತ್ರಿ ಮೀಟರುಗಳು ಕೂಗಲಿಲ್ಲ. ಹಾಸಿಗೆಯ ಹಿಂಬದಿ ಒಣಗಿತ್ತು. ನೀರಿನ ಹಾಳೆಯಲ್ಲಿ ನಾಲ್ವರ ಸಾಲುಗಳೂ ಹತ್ತಿರ ಹತ್ತಿರ ಬಂದವು, ಹುಡುಗಿಯರ ನಿದ್ದೆಯಲ್ಲಿ ತೂತುಗಳಿರಲಿಲ್ಲ. ಎಲ್ಲವೂ ಸರಿಹೋಯಿತು ಎನ್ನಲಾರೆ. ಶನಿವಾರ ರಾತ್ರಿ ಹುಡುಗರಿಬ್ಬರ ನಡುವೆ ಪಾತ್ರೆ ತೊಳೆಯುವ ಸರದಿಗಾಗಿ ಮಾತಿಗೆ ಮಾತು ಬೆಳೆದು, ಒಬ್ಬ ಭಾನುವಾರ ಪೂರ್ತಿ ಗೂಡಿನಿಂದ ಹೊರಬರಲಿಲ್ಲ. ಒಬ್ಬರೇ ಇರಲು ಈಗ ಜಾಗವಿತ್ತು, ಇಬ್ಬರೇ ಕೂತು ಮಾತಾಡಲು ಇರಲಿಲ್ಲ. ಓಣಿಯ ತುದಿಯಲ್ಲಿ ಮೊಳಕೆಯ ತಟ್ಟೆಗಳ ಪಕ್ಕ ಎರಡು ಆಸನ ಇಡಬೇಕು ಎಂದು ಆರ್ಕಿಟೆಕ್ಚರ್ ಹುಡುಗಿ ಬರೆದಿಟ್ಟಿದ್ದಾಳೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ನೋಡಿಲ್ಲ.

ಇಂಥ ಕೆಲಸಕ್ಕೆ ಇಳಿಯುವ ತಂಡಗಳಿಗೆ ಈ ಪ್ರಕರಣದಿಂದ ನಾನು ಎತ್ತಿ ಹೇಳುವುದು ಹಾಳೆಯ ವಿಷಯ. ಜನ ನಾಚಿಕೆಯಿಂದ, ಸೌಜನ್ಯದಿಂದ, ಹಟದಿಂದ ಬಾಯಿಬಿಟ್ಟು ಹೇಳದ್ದನ್ನು ನೀರು, ನಿದ್ದೆಯ ಸಂಖ್ಯೆಗಳು ಹೇಳುತ್ತವೆ, ಆದರೆ ಗುಂಪಿಗೆ ಹೊಂದದ ಸಂಖ್ಯೆಯನ್ನು ಅಳಿಸದೆ ಉಳಿಸಿಕೊಂಡರೆ ಮಾತ್ರ. ಅದರ ಬಗ್ಗೆ ಕೇಳುವವರು ಯಾರು ಎಂಬುದೂ ಮುಖ್ಯ. ಅವಳು ಹುಡುಗರ ಮುಂದೆ ಆ ಮಾತು ಆಡುತ್ತಿರಲಿಲ್ಲ. ಆದ್ದರಿಂದ ಪ್ರತಿ ತಂಡಕ್ಕೂ ಅಂಕ ಕೊಡುವ ಅಧಿಕಾರವಿಲ್ಲದ ಒಬ್ಬ ಹೆಣ್ಣುಮಗಳು ಮಾತಾಡಿಸಲು ಇರಬೇಕೆಂದು ಈಗ ನಮ್ಮ ವಿಭಾಗದಲ್ಲಿ ನಿಯಮ ಮಾಡಿಕೊಂಡಿದ್ದೇವೆ.

ಮುಂದಿನ ಬ್ಯಾಚು ದೂಳಿನ ಪ್ರಶ್ನೆ ಕೈಗೆತ್ತಿಕೊಂಡಿದೆ. ಚಂದ್ರನ ದೂಳನ್ನು ಗಾಳಿ, ನೀರು ಉಜ್ಜಿ ನುಣುಪು ಮಾಡಿಲ್ಲ, ಅದರ ಕಣಗಳ ಅಂಚು ಚೂಪು. 1972ರಲ್ಲಿ ಅಪೊಲೊ-17ರ ಹ್ಯಾರಿಸನ್ ಶ್ಮಿಟ್‌ಗೆ ಉಡುಪಿನ ಜೊತೆ ಒಳಬಂದ ದೂಳಿನಿಂದ ಮೂಗು ಕಟ್ಟಿ ಸೀನು ಹತ್ತಿತ್ತು. ಉಡುಪನ್ನು ಒಳಗೆ ತರದೆ ಗೋಡೆಯ ಹೊರಗೇ ನಿಲ್ಲಿಸಿ, ಬೆನ್ನಿನ ಬಾಗಿಲಿನಿಂದ ಅದರೊಳಗೆ ಇಳಿಯುವ ವ್ಯವಸ್ಥೆಯನ್ನು ಅವರು ಪ್ಲೈವುಡ್ಡಿನಲ್ಲಿ ಕಟ್ಟುತ್ತಿದ್ದಾರೆ. ಸಣ್ಣ ಮೈಕಟ್ಟಿನ ಹುಡುಗಿಯರಿಗೆ ಆ ಬಾಗಿಲಿನ ಹಿಡಿಕೆ ಎಟುಕುತ್ತದೆಯೇ ಎಂಬುದನ್ನು ಈ ಸಲ ಮೊದಲ ದಿನವೇ ಅಳೆದಿದ್ದಾರೆ. ಎಟುಕಲಿಲ್ಲ, ಹಿಡಿಕೆಯನ್ನು ಕೆಳಗಿಳಿಸಿ ಮತ್ತೆ ಬರೆಯುತ್ತಿದ್ದಾರೆ.